ಸಡಿಲ ಪ್ಲಗ್ಗಿನ ತಪ್ಪು ಯಾರದು?

(ತೋಟದ ವಾಹನ ಚಾಲಕರು ಮತ್ತು ಯಂತ್ರ ಕೆಲಸಗಾರರ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾನು ಮಾತಾಡಬೇಕೆಂದಿರುವುದು ಒಂದು ಚಿಕ್ಕ ಸಾಮಾನಿನ ಬಗ್ಗೆ. ಹೆಬ್ಬೆರಳಿನಷ್ಟು ದಪ್ಪ, ಅದಕ್ಕಿಂತ ಸ್ವಲ್ಪ ಉದ್ದ. ಅದು ಸ್ಪಾರ್ಕ್ ಪ್ಲಗ್. ನಮ್ಮಲ್ಲಿ ದೊಡ್ಡ ಲಾರಿಗಳೆಲ್ಲ ಡೀಸೆಲ್ ಆದ್ದರಿಂದ ಅವುಗಳಿಗೆ ಈ ಪ್ಲಗ್ಗೇ ಇಲ್ಲ. ಆದರೆ ಪೆಟ್ರೋಲಿನಲ್ಲಿಯೂ ಗ್ಯಾಸಿನಲ್ಲಿಯೂ ಓಡುವ ಚಿಕ್ಕ ಟ್ರಕ್ಕುಗಳು ಈಗ ಎಲೆಮೂಟೆ ಹೊರುತ್ತಿವೆ. ಮಾರುತಿಯ ಸೂಪರ್ ಕ್ಯಾರಿ ಇದೆ, ಟಾಟಾ ಏಸ್‌ನ ಪೆಟ್ರೋಲ್ ಮಾದರಿ ಇದೆ. ಹುಲ್ಲು ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಯಂತ್ರ ಇವುಗಳಲ್ಲಿಯೂ ಪ್ಲಗ್ ಇದೆ. ಆದ್ದರಿಂದ ಇದು ಚಾಲಕರ ಮಾತು ಮಾತ್ರವಲ್ಲ, ಸಹೋದರಿಯರೂ ಕೇಳಬೇಕು.

ಪ್ಲಗ್ ಸಡಿಲವಾಗಿ ಗಾಡಿ ನಿಂತರೆ ಮೊದಲ ಪ್ರಶ್ನೆ ಬರುವುದು ಓಡಿಸಿದವನಿಗೆ. ನೀನು ಹೇಗೆ ಓಡಿಸಿದೆ, ಎಷ್ಟು ಎಳೆದೆ, ಎಂದು. ನಾನು ಹೇಳುವುದೇನೆಂದರೆ, ಓಡಿಸುವುದರಿಂದ ಸರಿಯಾಗಿ ಕೂತ ಪ್ಲಗ್ ಸಡಿಲವಾಗುವುದಿಲ್ಲ. ಅದನ್ನು ಕೂಡಿಸಿದ ದಿನವೇ ಅದರ ಗತಿ ತೀರ್ಮಾನವಾಗಿರುತ್ತದೆ. ಕೆಲವು ಸಲ ಎಂಜಿನ್ ಮಾಡಿದ ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ.

ಎರಡನೆಯದಕ್ಕೆ ಒಂದು ನಿಜವಾದ ಉದಾಹರಣೆ ಅಮೆರಿಕದ್ದು. ಅಲ್ಲಿ ಫೋರ್ಡ್ ಕಂಪೆನಿಯವರ ಎಫ್ ಸಾಲಿನ ಟ್ರಕ್ಕುಗಳು ರೈತರ, ಕೂಲಿಯವರ, ಗುತ್ತಿಗೆದಾರರ ಗಾಡಿ. 1990ರ ದಶಕದ ಕೊನೆಯಿಂದ ಅವುಗಳಲ್ಲಿ ಟ್ರೈಟನ್ ಎಂಬ ಹೆಸರಿನ ಎಂಜಿನ್ ಬಂತು. ಎಂಟು ಸಿಲಿಂಡರಿನದು 5.4 ಲೀಟರ್, ಹತ್ತು ಸಿಲಿಂಡರಿನದು 6.8 ಲೀಟರ್. ಹೆಡ್ಡು ಅಲ್ಯೂಮಿನಿಯಂ. ಆ ಹೆಡ್ಡಿನಲ್ಲಿ ಪ್ಲಗ್ ಹಿಡಿದುಕೊಳ್ಳುವ ತ್ರೆಡ್ಡು ಹೆಚ್ಚುಕಡಿಮೆ ನಾಲ್ಕು ಸುತ್ತು ಮಾತ್ರ. ಕೆಲವು ವರ್ಷ ಓಡಿದ ಮೇಲೆ ಪ್ಲಗ್ ಸ್ವಲ್ಪಸ್ವಲ್ಪ ಸಡಿಲವಾಗಿ, ಮೆತ್ತನೆಯ ಅಲ್ಯೂಮಿನಿಯಂ ತ್ರೆಡ್ಡನ್ನು ತಿಂದು, ಒಂದು ದಿನ ಗುಂಡು ಹಾರಿದ ಹಾಗೆ ಸದ್ದು ಮಾಡಿ ಹೊರಗೆ ಚಿಮ್ಮುತ್ತಿತ್ತು. ಮೇಲಿದ್ದ ಕಾಯಿಲನ್ನೂ ಒಡೆಯುತ್ತಿತ್ತು. ಹಾಗೆ ಆದವರು ಒಬ್ಬಿಬ್ಬರಲ್ಲ. ವಾರಂಟಿ ಮುಗಿದವರು ಕೈಯಿಂದ ಹಣ ಹಾಕಿ ಇಡೀ ಹೆಡ್ಡು ಬದಲಿಸಿಕೊಂಡರು. 2007ರಲ್ಲಿ ಕಂಪೆನಿಯೇ ತನ್ನ ವರ್ಕ್‌ಶಾಪುಗಳಿಗೆ ಸೂಚನೆ ಕಳಿಸಿ, ಹೆಡ್ಡು ಬದಲಿಸದೆ ತೂತಿನೊಳಗೆ ಲೋಹದ ಹೊಸ ತ್ರೆಡ್ಡಿನ ಬಳೆ ಕೂಡಿಸಿ ರಿಪೇರಿ ಮಾಡಬಹುದೆಂದು ಒಪ್ಪಿತು. ಮೊದಮೊದಲಿನ ಹೆಡ್ಡುಗಳ ನಂತರ ತಯಾರಾದವುಗಳಲ್ಲಿ ತ್ರೆಡ್ಡಿನ ಸುತ್ತುಗಳನ್ನು ಹೆಚ್ಚಿಸಿದ್ದರು. ಹೆಚ್ಚಿಸಿದರೆಂದರೆ ಮೊದಲು ಕಡಿಮೆ ಇತ್ತೆಂದೇ ಅರ್ಥವಲ್ಲವೇ?

(ಅದೇ ಸಾಲಿನಲ್ಲಿ 2004ರಿಂದ ಬಂದ ಮೂರು ವಾಲ್ವಿನ ಎಂಜಿನ್ನಿನಲ್ಲಿ ತಿರುಗುಮುರುಗು ಕಾಟ. ಪ್ಲಗ್ಗಿನ ಉದ್ದ ಮೂತಿ ಮಸಿಯಲ್ಲಿ ಕಚ್ಚಿಕೊಂಡು, ಬಿಚ್ಚಲು ಹೋದರೆ ತುಂಡಾಗಿ ಒಳಗೇ ಉಳಿಯುತ್ತಿತ್ತು. ಒಂದು ಚಿಮ್ಮಿತು, ಇನ್ನೊಂದು ಬರಲೊಲ್ಲದು!)

ಈಗ ನಮ್ಮ ಗಾಡಿಗೆ ಬರೋಣ. ಸಾಮಾನ್ಯ ಪ್ಲಗ್ಗಿನ ತ್ರೆಡ್ಡಿನ ಅಗಲ 14 ಮಿಲಿಮೀಟರ್. ಅಂದರೆ ಅದರ ಬುಡ ಸುಮಾರು ಒಂದೂವರೆ ಚದರ ಸೆಂಟಿಮೀಟರ್. ತುಂಬು ಭಾರದಲ್ಲಿ ಒಳಗೆ ಬೆಂಕಿ ಹತ್ತಿದಾಗ ಒಂದು ಚದರ ಸೆಂಟಿಮೀಟರಿಗೆ 50 ಕಿಲೋ ಒತ್ತಡವೆಂದು ಹಿಡಿಯಿರಿ. ಆಗ ಪ್ಲಗ್ಗನ್ನು ಹೊರಗೆ ತಳ್ಳುವ ಬಲ 75 ಕಿಲೋ, ಒಂದು ಅಕ್ಕಿಮೂಟೆಯಷ್ಟು. ಎಂಜಿನ್ ನಿಮಿಷಕ್ಕೆ 3000 ಸುತ್ತು ಸುತ್ತುವಾಗ ಒಂದೊಂದು ಪ್ಲಗ್ಗಿಗೂ ಈ ಏಟು ಸೆಕೆಂಡಿಗೆ 25 ಸಲ ಬೀಳುತ್ತದೆ. ತಾಳವಾಡಿ ಕಡೆಯವರಿಗೆ ದಿಂಬಂ ಘಟ್ಟ ಗೊತ್ತು, 27 ತಿರುವು. ಅದನ್ನು ಹತ್ತಿ ಮುಗಿಸುವಷ್ಟರಲ್ಲಿ ಎಷ್ಟು ಸಾವಿರ ಏಟು ಬಿತ್ತೆಂದು ನೀವೇ ಲೆಕ್ಕ ಹಾಕಿ. ಗಟ್ಟಿಯಾಗಿ ಕೂತ ಪ್ಲಗ್ ಇದನ್ನೆಲ್ಲ ತಡೆಯುತ್ತದೆ. ಕೂದಲೆಳೆ ಜಾಗ ಸಿಕ್ಕಿದರೆ ಪ್ರತಿ ಏಟಿಗೂ ಅಲುಗುತ್ತದೆ, ಅಲುಗಿದಷ್ಟೂ ಜಾಗ ಹೆಚ್ಚುತ್ತದೆ.

ಇನ್ನೊಂದು ಸಂಗತಿ ಹಲವರಿಗೆ ತಿಳಿಯದು. ಪ್ಲಗ್ ತನ್ನ ಬಿಸಿಯನ್ನು ತ್ರೆಡ್ಡಿನ ಮೂಲಕ, ವಾಷರಿನ ಮೂಲಕ ಹೆಡ್ಡಿಗೆ ದಾಟಿಸುತ್ತದೆ. ಸಡಿಲವಾದರೆ ಆ ದಾರಿ ಮುಚ್ಚುತ್ತದೆ. ಪ್ಲಗ್ಗಿನ ಮೂತಿ ಕೆಂಡವಾಗಿ, ಕಿಡಿ ಬರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ತೂತು ಬೀಳಬಹುದು. ಪ್ಲಗ್ಗಿನ ಬೆಲೆಯಲ್ಲಿ ಮುಗಿಯಬೇಕಾದ್ದು ಎಂಜಿನ್ನಿನ ಬೆಲೆಗೆ ಹೋಗುತ್ತದೆ.

ಹಾಗಾದರೆ ಕೂಡಿಸುವುದು ಹೇಗೆ? ಎಂಜಿನ್ ತಣ್ಣಗಾಗಿರಬೇಕು, ಇದು ಮೊದಲ ಮಾತು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಎರಡು ಪಟ್ಟು ಹಿಗ್ಗುತ್ತದೆ. ಬಿಸಿಯಲ್ಲಿ ಬಿಚ್ಚಿದರೆ ತ್ರೆಡ್ಡು ಕಿತ್ತು ಬರುವುದುಂಟು. ಬಿಚ್ಚುವ ಮೊದಲು ಪ್ಲಗ್ಗಿನ ಗುಂಡಿಯಲ್ಲಿರುವ ಮಣ್ಣು, ಎಲೆಪುಡಿ ಎಲ್ಲವನ್ನೂ ಗಾಳಿ ಹೊಡೆದು ತೆಗೆಯಬೇಕು. ಒಂದು ಮರಳಿನ ಕಾಳು ವಾಷರಿನ ಕೆಳಗೆ ಕೂತರೂ ಪ್ಲಗ್ ಗಟ್ಟಿಯಾದಂತೆ ತೋರುತ್ತದೆ, ಗಟ್ಟಿಯಾಗಿರುವುದಿಲ್ಲ.

ಹೊಸ ಪ್ಲಗ್ಗನ್ನು ಬೆರಳಿನಿಂದಲೇ ತಿರುಗಿಸಿ ಇಳಿಸಬೇಕು. ಕೈ ಹೋಗದ ಆಳದ ಗುಂಡಿಯಾದರೆ ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಕೊಳವೆ ಸಿಕ್ಕಿಸಿ ತಿರುಗಿಸಿ. ತ್ರೆಡ್ಡು ಅಡ್ಡ ಹತ್ತಿದರೆ ರಬ್ಬರು ಜಾರುತ್ತದೆ, ನಿಮಗೆ ಗೊತ್ತಾಗುತ್ತದೆ. ಪಾನಾ ಜಾರುವುದಿಲ್ಲ, ಅದು ತ್ರೆಡ್ಡನ್ನು ಕೊಂದೇ ಮುಂದೆ ಹೋಗುತ್ತದೆ. ಬೆರಳಿಗೆ ನಿಂತ ಮೇಲೆ ಪಾನಾ ಹಾಕಬೇಕು. ಅಲ್ಯೂಮಿನಿಯಂ ಹೆಡ್ಡಿನಲ್ಲಿ ವಾಷರಿರುವ 14 ಮಿಲಿಮೀಟರ್ ಪ್ಲಗ್ಗಿಗೆ ಸಾಮಾನ್ಯ ಅಳತೆ ಎರಡೂವರೆಯಿಂದ ಮೂರು ಕಿಲೋಗ್ರಾಂ ಮೀಟರ್. ಕಾಲು ಮೀಟರ್ ಹಿಡಿಯ ಪಾನಾದ ತುದಿಯಲ್ಲಿ 10ರಿಂದ 12 ಕಿಲೋ ಎಳೆದಷ್ಟು. ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಪುಸ್ತಕದ್ದೇ ಸರಿ. ಚಿಕ್ಕ ತ್ರೆಡ್ಡಿನ ಪ್ಲಗ್ಗಿಗೆ ಬಹಳ ಕಡಿಮೆ ಸಾಕು. 10 ಮಿಲಿಮೀಟರಿನದಕ್ಕೆ ಒಂದು ಕಿಲೋಗ್ರಾಂ ಮೀಟರಿನ ಆಸುಪಾಸು.

ಟಾರ್ಕ್ ರೆಂಚ್ ನಮ್ಮಲ್ಲಿ ಎಲ್ಲಿದೆ ಎಂದು ಕೇಳುವಿರಿ. ಇಲ್ಲದಿದ್ದರೆ ಸುತ್ತಿನ ಲೆಕ್ಕ ಇದೆ. 14 ಮಿಲಿಮೀಟರಿನ ಹೊಸ ಪ್ಲಗ್, ಹೊಸ ವಾಷರ್ ಆದರೆ ಬೆರಳಿಗೆ ನಿಂತಲ್ಲಿಂದ ಅರ್ಧ ಸುತ್ತಿಗೆ ಮೇಲೆ, ಮುಕ್ಕಾಲಿಗೆ ಒಳಗೆ. ಆಗ ವಾಷರು ಚಪ್ಪಟೆಯಾಗಿ ಬಿಗಿ ಹಿಡಿಯುತ್ತದೆ. ಅದೇ ಪ್ಲಗ್ಗನ್ನು ತೊಳೆದು ಮತ್ತೆ ಹಾಕುವಾಗ ವಾಷರು ಆಗಲೇ ಚಪ್ಪಟೆಯಾಗಿರುವುದರಿಂದ ಸುತ್ತಿನ ಹನ್ನೆರಡರಲ್ಲಿ ಒಂದು ಭಾಗ ಸಾಕು. ಗಡಿಯಾರದ ಮುಳ್ಳು ಹನ್ನೆರಡರಿಂದ ಒಂದಕ್ಕೆ ಹೋದಷ್ಟು. ವಾಷರಿಲ್ಲದೆ ಇಳಿಜಾರು ಬುಡ ಇರುವ ಪ್ಲಗ್ಗಿಗೆ ಇನ್ನೂ ಕಡಿಮೆ, ಹದಿನಾರರಲ್ಲಿ ಒಂದು. ಈ ಮೂರು ಬೇರೆ ಬೇರೆ ಎಂಬುದನ್ನು ತಿಳಿಯದೆ ಎಲ್ಲದಕ್ಕೂ ಒಂದೇ ಕೈ ಹಾಕುವುದೇ ನಮ್ಮ ಕಡೆ ಹೆಚ್ಚು ಪ್ಲಗ್ಗುಗಳನ್ನು ಕೆಡಿಸಿದೆ ಎಂದು ನನ್ನ ಅಭಿಪ್ರಾಯ.

ಬಿಗಿ ಹೆಚ್ಚಾದಷ್ಟೂ ಒಳ್ಳೆಯದೆಂದು ಪಾನಾಕ್ಕೆ ಪೈಪು ಸಿಕ್ಕಿಸಿ ಎಳೆಯುವವರಿದ್ದಾರೆ. ಬೀಡುಕಬ್ಬಿಣದ ಹೆಡ್ಡಿನ ಹಳೆಯ ಎಂಜಿನ್ನುಗಳು ಅದನ್ನು ಸಹಿಸಿದವು. ಅಲ್ಯೂಮಿನಿಯಂ ಸಹಿಸದು. ತ್ರೆಡ್ಡು ಎಳೆದುಹೋಗುತ್ತದೆ, ಮುಂದಿನ ಸಲ ಹಿಡಿತವೇ ಇರುವುದಿಲ್ಲ. ತ್ರೆಡ್ಡಿಗೆ ಎಣ್ಣೆ, ಗ್ರೀಸು ಬಳಿದರೂ ಇದೇ ಫಲ. ಜಾರುವುದರಿಂದ ಕೈಗೆ ತಿಳಿಯದೆ ಬಿಗಿ ಹೆಚ್ಚಾಗುತ್ತದೆ. ಇನ್ನು ಎರಡು ವಾಷರ್ ಹಾಕುವುದು, ತ್ರೆಡ್ಡಿಗೆ ನಲ್ಲಿಯ ಟೇಪು ಸುತ್ತುವುದು, ಇವುಗಳ ಬಗ್ಗೆ ಹೆಚ್ಚು ಹೇಳಲಾರೆ. ಮಾಡಬೇಡಿ.

ಸಡಿಲವಾಗಿದೆ ಎಂದು ಓಡಿಸುವವನಿಗೆ ಮೊದಲೇ ತಿಳಿಯುವುದು ಕಿವಿಯಿಂದ. ಏರಿನಲ್ಲಿ ಭಾರ ಎಳೆಯುವಾಗ ಟಿಕ್ ಟಿಕ್ ಎಂದೋ, ಚಫ್ ಚಫ್ ಎಂದೋ ಸದ್ದು ಬರುತ್ತದೆ, ಇಳಿಜಾರಿನಲ್ಲಿ ಕಡಿಮೆಯಾಗುತ್ತದೆ. ಎಳೆತ ಕುಂದುತ್ತದೆ, ಪೆಟ್ರೋಲ್ ವಾಸನೆಯೂ ಬರಬಹುದು. ಬಿಚ್ಚಿ ನೋಡಿದರೆ ವಾಷರಿನ ಸುತ್ತ ಕಪ್ಪು ಮಸಿ ಸೋರಿರುತ್ತದೆ. ಬಿಳಿ ಪಿಂಗಾಣಿಯ ಮೇಲೆ ಕಬ್ಬಿಣದ ಅಂಚಿನ ಹತ್ತಿರ ಕಾಣುವ ಕಂದು ಬಣ್ಣವನ್ನು ಮಾತ್ರ ಸೋರಿಕೆಯೆಂದು ತಿಳಿಯಬೇಡಿ. ಅದು ಹೈವೋಲ್ಟೇಜಿನಿಂದ ಎಣ್ಣೆಯ ಕಣಗಳು ಅಂಟಿದ್ದು, ಕೇಡಿಲ್ಲ. ಆ ಸದ್ದು ಕೇಳಿದ ಮೇಲೆ ಗಾಡಿಯನ್ನು ಬದಿಗೆ ನಿಲ್ಲಿಸಬೇಕು. ಆದರೆ ಬಿಸಿಯಲ್ಲೇ ಬಗ್ಗಿ ಕೈ ಹಾಕಬಾರದು. ಫ್ಯಾಕ್ಟರಿಗೆ ಎಲೆ ತಡವಾದರೆ ಆಗಲಿ.

ತ್ರೆಡ್ಡು ಹೋಗಿದ್ದರೂ ಹೆಡ್ಡು ಹೋಯಿತೆಂದಲ್ಲ. ಅಮೆರಿಕದವರು ಕೊನೆಗೆ ಒಪ್ಪಿದ ರಿಪೇರಿ ನಮ್ಮ ಪೇಟೆಯ ಒಳ್ಳೆಯ ಲೇತ್ ಅಂಗಡಿಗಳಲ್ಲಿಯೂ ಆಗುತ್ತದೆ. ಹೆಡ್ಡನ್ನೇ ಬದಲಿಸಬೇಕೆಂದು ಯಾರಾದರೂ ಅಂದರೆ ಮೊದಲು ಇದನ್ನು ಕೇಳಿ.

ಕೂಲಿಯ ಮಾತು ಒಂದಿದೆ. ನಷ್ಟವಾಯಿತೆಂದು ಕೂಲಿಯಲ್ಲಿ ಹಣ ಹಿಡಿಯುವ ಮೊದಲು ಕೆಲಸಗಾರನಿಗೆ ಕಾರಣ ಹೇಳಲು ಅವಕಾಶ ಕೊಡಬೇಕೆಂಬ ನಿಯಮ 1936ರ ವೇತನ ಪಾವತಿ ಕಾಯಿದೆಯಲ್ಲಿತ್ತು. 2019ರ ವೇತನ ಸಂಹಿತೆಯಲ್ಲಿಯೂ ಇದೆ. ಆದ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಅದೂ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು. ಅವಕಾಶ ಸಿಕ್ಕಾಗ ಬರಿಗೈಯಲ್ಲಿ ಏನು ಹೇಳುವಿರಿ? ಅದಕ್ಕಾಗಿ ಗಾಡಿಯಲ್ಲಿ ಒಂದು ಚಿಕ್ಕ ಪುಸ್ತಕ ಇಡಿ. ಪ್ಲಗ್ ಯಾವ ದಿನ ಬದಲಾಯಿತು, ಯಾರು ಕೂಡಿಸಿದರು, ವಾಷರು ಹೊಸದೋ ಹಳೆಯದೋ, ಸದ್ದು ಮೊದಲು ಕೇಳಿದ ದಿನ ಯಾವುದು, ಅಂದು ಯಾರಿಗೆ ತಿಳಿಸಿದಿರಿ, ಇಷ್ಟು ಬರೆಯಿರಿ. ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮಗಳು ಬರೆದುಕೊಡಲಿ.

ಇನ್ನು ಕತ್ತಲಾಗುವ ಮೊದಲು ಹೊರಗೆ ಹೋಗೋಣ. ಜಗಲಿಯ ಮೇಲೆ ಒಂದು ಹಳೆಯ ಹೆಡ್ಡು, ನಾಲ್ಕು ಪ್ಲಗ್ಗು, ಒಂದು ತುಂಡು ಕೊಳವೆ ಇಟ್ಟಿದೆ. ಒಬ್ಬೊಬ್ಬರಾಗಿ ಬೆರಳಿನಿಂದ ಹಾಕಿ ನೋಡಿ. ಸಹೋದರಿಯರು ಮೊದಲು ಬನ್ನಿ.