ಹುದುಲಿನ ಮೇಲೆ ಏರಿ ಕಟ್ಟುವಾಗ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನನಗೆ ಗೊತ್ತಿರುವುದು ಮಣ್ಣಿನ ಕೆಲಸ, ಅದನ್ನೇ ಹೇಳುತ್ತೇನೆ. ಗಜನಿ ಗದ್ದೆಯ ಹುದುಲಿನಲ್ಲಿ ಮೊಣಕಾಲುವರೆಗೆ ಹೂತುಕೊಂಡು ಕಗ್ಗ ಭತ್ತ ಕೊಯ್ದ ನಮಗೆ ಮೆತ್ತನೆಯ ನೆಲವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ನೆಲದ ಮೇಲೆ ರಸ್ತೆಗೆಂದು 5 ಮೀಟರ್ ಎತ್ತರದ ಏರಿ ಹಾಕುವುದು ಹೇಗೆ?

ಲೆಕ್ಕ ಹೈಸ್ಕೂಲಿನದೇ. ಒತ್ತಿ ಕೂರಿಸಿದ ಮಣ್ಣು ಒಂದು ಘನ ಮೀಟರಿಗೆ ಸುಮಾರು 2 ಟನ್ ತೂಗುತ್ತದೆ. ಜಾರದಂತೆ ಹಿಡಿದುಕೊಳ್ಳುವ ಬಲ ಕೆಸರಿಗೆ ಚದರ ಮೀಟರಿಗೆ 1 ಟನ್ ಇದ್ದರೆ, ಅದು ಹೊರಬಲ್ಲ ಭಾರ ಹೆಚ್ಚುಕಡಿಮೆ ಅದರ ಐದು ಪಟ್ಟು. ಅಂದರೆ ಎರಡೂವರೆ ಮೀಟರ್ ಮಣ್ಣು ಬೀಳುವಷ್ಟರಲ್ಲಿ ಅಡಿಯ ಕೆಸರು ಪಕ್ಕಕ್ಕೆ ಉಕ್ಕುತ್ತದೆ, ಏರಿ ಸೀಳುತ್ತದೆ.

ಸೀಳದಿರಲೆಂದು ಏರಿಯ ಬುಡದಲ್ಲಿ ಜಿಯೋಗ್ರಿಡ್ ಎಂಬ ಗಟ್ಟಿ ಬಲೆ ಹಾಸುತ್ತೇವೆ. ಮಣ್ಣು ಒತ್ತಡ ತಾಳುತ್ತದೆ, ಎಳೆತ ತಾಳದು. ಆ ಎಳೆತವನ್ನು ಬಲೆ ಹೊರುತ್ತದೆ. ಫ್ರಾನ್ಸಿನ ಆನ್ರಿ ವಿದಾಲ್ 1960ರ ದಶಕದಲ್ಲಿ ಬಲಪಡಿಸಿದ ಮಣ್ಣಿನ ಕೆಲಸಕ್ಕೆ ಶಾಸ್ತ್ರದ ರೂಪ ಕೊಟ್ಟರು. ಗೋಡೆಯ ಮಣ್ಣಿಗೆ ಹುಲ್ಲು ಕಲಸುತ್ತಿದ್ದ ನಮ್ಮ ಹಿರಿಯರಿಗೂ ಇದರ ಗುಟ್ಟು ತಿಳಿದಿತ್ತು.

ಆದರೆ ನೆಲ ತಗ್ಗುವುದನ್ನು ಬಲೆ ನಿಲ್ಲಿಸದು. ಕೆಸರಿನ ನೀರು ಹೊರಬರಬೇಕು. ಅದಕ್ಕಾಗಿ ನೀರು ಬಸಿಯುವ ಪಟ್ಟಿಗಳನ್ನು ನೆಲದೊಳಕ್ಕೆ ನೆಟ್ಟಗೆ ಇಳಿಸುತ್ತೇವೆ. ನೀರು ಬಸಿದಂತೆ ಕೆಸರು ಗಟ್ಟಿಯಾಗುತ್ತದೆ. ಒಂದು ಹಂತ ಮಣ್ಣು ಹಾಕಿ, ತಿಂಗಳುಗಟ್ಟಲೆ ಕಾದು, ಆಮೇಲೆ ಇನ್ನೊಂದು ಹಂತ.

ಕಾಯುವುದರಲ್ಲೇ ನಾನು ತಪ್ಪಿದೆ. ಕೆಲಸಕ್ಕೆ ಸೇರಿದ ಹೊಸತು. ಮಳೆಗಾಲದೊಳಗೆ ರಸ್ತೆ ಮುಗಿಯಬೇಕೆಂದು ಒತ್ತಾಯ. ಏರಿಯ ಅಂಚಿಗೆ ನೆಟ್ಟ ಗೂಟಗಳು ದಿನದಿನಕ್ಕೂ ಹೊರಗೆ ಸರಿಯುತ್ತಿದ್ದವು. ಪುಸ್ತಕದಲ್ಲಿ ಬರೆದುಕೊಂಡೆ, ಕೆಲಸ ನಿಲ್ಲಿಸಿ ಎಂದು ಬಾಯಿಬಿಡಲಿಲ್ಲ. ಒಂದು ದಿನ ಬೆಳಗಾಗುವಾಗ ಏರಿ ಪಕ್ಕದ ಗದ್ದೆಯ ಮೇಲೆ ಮಲಗಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಗದ್ದೆಯ ಯಜಮಾನರು ಬಂದು ನೋಡಿ, “ತಮ್ಮಾ, ಮೊದ್ಲೇ ಗೊತ್ತಾಗ್ಲಿಲ್ವಾ?” ಎಂದರು. ಗೊತ್ತಿತ್ತು. ಉತ್ತರ ಹೇಳಲು ಬಾಯಿ ಬರಲಿಲ್ಲ.

ಲೆಕ್ಕ ತಪ್ಪುತ್ತಿದೆ ಅನ್ನಿಸಿದರೆ ಅಲ್ಲೇ ಎದ್ದು ನಿಂತು ಹೇಳಿ ಎನ್ನುತ್ತಿದ್ದರು ಈ ಶಾಲೆಯ ನಮ್ಮ ಗಣಿತದ ಮಾಸ್ತರು. ಆ ಪಾಠ ನನಗೆ ಪೂರ್ತಿ ಅರ್ಥವಾದದ್ದು ಆ ಬೆಳಿಗ್ಗೆ. ಆಮೇಲೆ ಗೂಟ ಸರಿದಾಗಲೆಲ್ಲ ಕೆಲಸ ನಿಲ್ಲಿಸಿದ್ದೇನೆ, ಬೈಸಿಕೊಂಡಿದ್ದೇನೆ.

ಮಕ್ಕಳೇ, ನೀವೂ ಎದ್ದು ನಿಂತು ಹೇಳಿ. ಊರವರಲ್ಲಿ ಒಂದೇ ವಿನಂತಿ: ಅರ್ಧಕ್ಕೆ ನಿಂತ ಏರಿ ಕಂಡರೆ ಬೈಯುವ ಮೊದಲು ಒಮ್ಮೆ ವಿಚಾರಿಸಿ. ನೆಲ ಗಟ್ಟಿಯಾಗಲೆಂದು ಕಾಯುತ್ತಿರಬಹುದು.