ಯಾವ ಊರು, ಯಾರ ಮನೆ?

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ನಿರೂಪಕರು ಈಗಷ್ಟೇ ನನ್ನ ಪರಿಚಯ ಮಾಡಿಕೊಟ್ಟರು. ಎಂ.ಎ., ಬಿ.ಎಡ್. ಎಂಬ ಪದವಿಗಳನ್ನೂ ಸೇವೆಯ ವರ್ಷಗಳನ್ನೂ ಹೇಳಿದರು. ಅವರ ಸೌಜನ್ಯಕ್ಕೆ ಋಣಿಯಾಗಿದ್ದೇನೆ. ಆದರೆ ನಮ್ಮ ಸೀಮೆಯಲ್ಲಿ ಹೊಸಬರೊಬ್ಬರು ಬಂದು ಕಟ್ಟೆಯ ಮೇಲೆ ಕುಳಿತರೆ ಯಾರೂ ಪದವಿಯನ್ನು ವಿಚಾರಿಸುವುದಿಲ್ಲ. "ಯಾ ಊರು? ಯಾರ ಮನಿ?" ಎಂದೇ ಕೇಳುತ್ತಾರೆ. ನನ್ನ ಪರಿಚಯವನ್ನು ಆ ಎರಡು ಪ್ರಶ್ನೆಗಳಿಂದಲೇ ಇನ್ನೊಮ್ಮೆ ಮಾಡಿಕೊಳ್ಳಲು ಅನುಮತಿ ಬೇಡುತ್ತೇನೆ.

ನಮ್ಮದು ನಾರಾಯಣಖೇಡ ತಾಲ್ಲೂಕಿನ ಒಂದು ಮಣ್ಣಿನ ಮಾಳಿಗೆಯ ಮನೆ. ಅಜ್ಜ ಅದನ್ನು ಕಟ್ಟಿಸಿದಾಗ ಅದು ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಆಂಧ್ರಪ್ರದೇಶದ ಮೇದಕ್ ಜಿಲ್ಲೆಗೆ ಸೇರಿತು. 2014ರ ಜೂನ್ 2ರಂದು ತೆಲಂಗಾಣಕ್ಕೆ ಬಂದಿತು. 2016ರ ಅಕ್ಟೋಬರಿನಲ್ಲಿ ಸಂಗಾರೆಡ್ಡಿ ಜಿಲ್ಲೆಯದಾಯಿತು. ಮೂರು ರಾಜ್ಯ, ಮೂರು ಜಿಲ್ಲೆ. ಮನೆ ಮಾತ್ರ ಇದ್ದಲ್ಲಿಂದ ಒಂದು ಗೇಣೂ ಕದಲಲಿಲ್ಲ. ಜಹೀರಾಬಾದಿನವರ ಕಥೆಯೂ ಹೆಚ್ಚು ಕಡಿಮೆ ಇದೇ. ತಾಂಡೂರಿನವರದು ಇನ್ನೂ ಒಂದು ಹೆಜ್ಜೆ ಮುಂದೆ: ಗುಲಬರ್ಗಾ, ಹೈದರಾಬಾದ್, ರಂಗಾರೆಡ್ಡಿ, ಈಗ ವಿಕಾರಾಬಾದ್. ನನ್ನ ಅಜ್ಜಿ ಕೊನೆಯವರೆಗೂ "ನಮ್ಮದು ಬೀದರ್ ಜಿಲ್ಲಾ" ಎಂದೇ ಹೇಳುತ್ತಿದ್ದರು. ಅವರನ್ನು ತಿದ್ದುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಗಡಿಯನ್ನು ಎಳೆದ ಆ 1956ರಲ್ಲಿಯೇ ಸಂವಿಧಾನದ ಏಳನೆಯ ತಿದ್ದುಪಡಿಯೂ ಆಯಿತು. 350ಎ ವಿಧಿ ಬಂದಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಲು ರಾಜ್ಯವು ಯತ್ನಿಸಬೇಕೆಂದು ಅದು ಹೇಳುತ್ತದೆ. ಗಡಿಯ ಆಚೆ ಉಳಿದ ನಮ್ಮ ಕೈಗೆ ಅಂದು ಕೊಟ್ಟ ಮಾತದು. ಕಾಗದದ ಮೇಲೆ ಅದು ಈಗಲೂ ಇದೆ. ಶಾಲೆಯಲ್ಲಿ ಉಳಿಯುವುದು ಮಾತ್ರ ಮಕ್ಕಳು ಬಂದರೆ.

ಇನ್ನು ಯಾರ ಮನೆ ಎಂಬುದು. ಒಕ್ಕಲುತನದ ಮನೆ. ಅಡುಗೆಯ ಮಾತು ಕನ್ನಡ, ಹೊಲದ ಆಳುಗಳೊಡನೆ ತೆಲುಗು, ಸಂತೆಯಲ್ಲಿ ದಖನಿ. ಉದಗೀರದ ಕಡೆಯಿಂದ ಬಂದ ಚಿಕ್ಕಮ್ಮ ಸಿಟ್ಟು ಬಂದಾಗ ಮರಾಠಿಯಲ್ಲಿ ಬಯ್ಯುತ್ತಿದ್ದರು. ಯಾವುದು ಯಾವ ಭಾಷೆಯೆಂದು ನಾವು ಮಕ್ಕಳು ಬೇರ್ಪಡಿಸಿ ನೋಡಿದ್ದೇ ಇಲ್ಲ. ಎಳ್ಳಮಾವಾಸ್ಯೆಯ ದಿನ ಭಜ್ಜಿಯ ಗಡಿಗೆಯಲ್ಲಿ ಹಸಿ ತೊಗರಿ, ಹಸಿ ಕಡಲೆ, ಸೊಪ್ಪು, ಬದನೆ ಎಲ್ಲವೂ ಕೂಡಿಯೇ ಬೇಯುತ್ತಿದ್ದವು. ಹೊಲದಲ್ಲಿ ಚರಗ ಚೆಲ್ಲಿ ಬಂದು ಉಣ್ಣುವವರಿಗೆ ರುಚಿ ಮಾತ್ರ ಗೊತ್ತಾಗುತ್ತಿತ್ತು. ನಮ್ಮ ಮನೆಯ ಮಾತೂ ಹಾಗೆಯೇ ಇತ್ತು.

ಒಳಕೋಣೆಯಲ್ಲಿ ಅಡಕಲ ಗಡಿಗೆಗಳಿದ್ದವು. ಬೂದಿಯಲ್ಲಿ ಕಲಸಿ, ಬೇವಿನ ಎಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿಟ್ಟ ಬೀಜಗಳು ಅವುಗಳಲ್ಲಿ. ಅವುಗಳ ಕೀಲಿಕೈ ಎಂಬುದಿರಲಿಲ್ಲ. ಅಧಿಕಾರ ಮಾತ್ರ ಅಜ್ಜಿಯದು. ನನ್ನ ಹವ್ಯಾಸ ಹುಟ್ಟಿದ್ದು ಅಲ್ಲಿ. ಬೀಜಗಳನ್ನೂ ಅವುಗಳ ಹೆಸರುಗಳನ್ನೂ ಕೂಡಿಡುವ ಹವ್ಯಾಸವದು. ಒಂದು ಕಪಾಟಿನ ತುಂಬ ಹಾರ್ಲಿಕ್ಸ್ ಬಾಟಲಿಗಳು, ಜೊತೆಗೊಂದು ಉದ್ದನೆಯ ಲೆಕ್ಕದ ಪುಸ್ತಕ. ಬೀಜಕ್ಕೊಂದು ಪುಟ; ಪುಟದಲ್ಲಿ ಯಾರ ಮನೆಯಲ್ಲಿ ಅದನ್ನು ಏನೆನ್ನುತ್ತಾರೆ ಎಂಬ ದಾಖಲೆ. ಮುಖ್ಯೋಪಾಧ್ಯಾಯಿನಿಗೆ ಇದೇನು ಗೀಳು ಎಂದು ನಗುವವರಿದ್ದಾರೆ. ನಗಲಿ.

ಆ ಪುಸ್ತಕದ ಕೆಲವು ಪುಟಗಳನ್ನು ತೆರೆಯುತ್ತೇನೆ. ತೊಗರಿ ತೆಲುಗಿನವರಿಗೆ ಕಂದಿ, ಮರಾಠಿಯವರಿಗೆ ತೂರ್. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ ಪತ್ರಿಕೆಯ ತುಣುಕನ್ನು ಕತ್ತರಿಸಿ ಅದೇ ಪುಟಕ್ಕೆ ಅಂಟಿಸಿದೆ. ಕುಸುಬಿ ತೆಲುಗಿನಲ್ಲಿ ಕುಸುಮ, ಮರಾಠಿಯಲ್ಲಿ ಕರಡಈ. ನಾವು ಪುಂಡಿ ಎನ್ನುವ ಸೊಪ್ಪನ್ನು ತೆಲಂಗಾಣದವರು ಪುಂಟಿಕೂರ ಎನ್ನುತ್ತಾರೆ. ಅದೇ ತೆಲುಗಿನ ಕರಾವಳಿಯವರು ಗೋಂಗೂರ ಎನ್ನುತ್ತಾರೆ. ಆ ಸೊಪ್ಪಿನ ವಿಷಯದಲ್ಲಿ ನಮ್ಮ ನೆರೆಯವರ ತೆಲುಗು ದೂರದ ತೆಲುಗಿಗಿಂತ ನಮ್ಮ ಕನ್ನಡಕ್ಕೆ ಹತ್ತಿರ! ಅಗಸಿಯ ಪುಟವೊಂದು ನನಗೆ ಬಲು ಪ್ರಿಯ. ಎಣ್ಣೆಯ ಬೀಜವೂ ಅಗಸಿ, ಊರ ಬಾಗಿಲೂ ಅಗಸಿ. "ಅಗಸಿಯಲ್ಲಿ ಅಗಸಿ ಒಣಹಾಕಿದ್ದಾರೆ" ಎಂದು ಒಬ್ಬ ಬಾಲಕಿ ಬರೆದಿದ್ದಳು. ಈ ವಾಕ್ಯದ ಸೊಗಸು ಯಾವ ಭಾಷಾಂತರಕ್ಕೂ ಸಿಕ್ಕುವುದಿಲ್ಲ.

ಇಂಥ ಗೀಳು ನನ್ನೊಬ್ಬಳದೇ ಅಲ್ಲ. ಜಹೀರಾಬಾದಿನ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳೆಯರನ್ನು ನೀವೆಲ್ಲ ಬಲ್ಲಿರಿ. ಸಂಕ್ರಾಂತಿಯ ಹೊತ್ತಿಗೆ ಅಲಂಕರಿಸಿದ ಎತ್ತಿನ ಬಂಡಿಗಳಲ್ಲಿ ಬೀಜಗಳನ್ನಿಟ್ಟು ಊರೂರಿಗೆ ಸಾಗುವವರು ಅವರು. 2008ರಲ್ಲಿ ತಮ್ಮದೇ ಸಂಘಂ ರೇಡಿಯೋ ಆರಂಭಿಸಿದರು; 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆದರು. ಅವರಲ್ಲಿ ಅನೇಕರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಹೊರಗಿನವರೆದುರು ತಮ್ಮ ಮಾತಿನಲ್ಲಿಯೇ, ತಮ್ಮ ಹೊಲದ ವಿಷಯವನ್ನೇ ಹೇಳುತ್ತಾರೆ, ತಡವರಿಸುವುದಿಲ್ಲ.

ನಮ್ಮ ಮಕ್ಕಳು ತಡವರಿಸುತ್ತಾರೆ. ಹೊಸ ವರ್ಷದ ಮೊದಲ ವಾರ ಪ್ರತಿ ತರಗತಿಯಲ್ಲಿ ಸ್ವಪರಿಚಯ ಹೇಳಿಸುವ ರೂಢಿಯಿದೆ. "ನನ್ನ ಹವ್ಯಾಸ ಅಂಚೆಚೀಟಿ ಸಂಗ್ರಹ" ಎಂದು ಒಬ್ಬ ಬಾಲಕ ಹೇಳಿದ. ಒಂದಾದರೂ ಚೀಟಿ ಇದೆಯೇ ಎಂದರೆ ತಲೆ ತಗ್ಗಿಸಿದ. ಗೈಡಿನಲ್ಲಿ ಹಾಗೆ ಬರೆದಿತ್ತು. ಅವನ ಹಿಂದೆ ಕುಳಿತವಳು ಕುರಿ ಕಾಯುವ ಮನೆಯ ಹುಡುಗಿ. ಹವ್ಯಾಸ ಏನೂ ಇಲ್ಲ ಎಂದಳು. ಮನೆಗೆ ಹೋಗಿ ಏನು ಮಾಡುವೆ ಎಂದು ಕೇಳಿದಾಗ ತಿಳಿಯಿತು: ಸಂಜೆ ಹಿಂಡು ಬಂದ ಮೇಲೆ, ಕತ್ತಲಲ್ಲಿ, ಕೂಗನ್ನು ಕೇಳಿಯೇ ಯಾವ ಮರಿ ಯಾವ ತಾಯಿಯದೆಂದು ಹೇಳಿ ಜೋಡಿಸಿ ಬಿಡುತ್ತಾಳೆ. ಇದನ್ನು ಹವ್ಯಾಸವೆನ್ನಬಹುದೆಂದು ಆಕೆಗೆ ಯಾರೂ ಹೇಳಿರಲಿಲ್ಲ. ತಾಂಡೂರಿನ ಕಡೆಯ ಇನ್ನೊಬ್ಬ ಬಾಲಕನ ತಂದೆ ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುತ್ತಾರೆ. ಕಲ್ಲಿನ ಬಣ್ಣವನ್ನೂ ಪದರವನ್ನೂ ಆತ ನನಗಿಂತ ಚೆನ್ನಾಗಿ ಬಲ್ಲ. ತಂದೆಯ ಉದ್ಯೋಗ ಕೇಳಿದಾಗ "ಕೆಲಸ" ಎಂದಷ್ಟೇ ಹೇಳಿ ಕುಳಿತ.

ಕಳೆದ ಬೇಸಿಗೆಯಲ್ಲಿ ಒಬ್ಬ ತಾಯಿ ಮಗಳ ವರ್ಗಾವಣೆ ಪತ್ರ ಕೇಳಲು ಬಂದಿದ್ದರು. ಆಂಗ್ಲ ಮಾಧ್ಯಮಕ್ಕೆ ಸೇರಿಸಬೇಕು, ಅಲ್ಲಿ ಪ್ರವೇಶಕ್ಕೆ ಸ್ವಪರಿಚಯ ಹೇಳಬೇಕು ಎಂದರು. ಮಗು ಬಾಯಿಪಾಠ ಮಾಡಿದ್ದ ಆರು ಇಂಗ್ಲಿಷ್ ವಾಕ್ಯಗಳನ್ನು ಹೇಳಿತು. ಒಂದೂ ತಪ್ಪಿರಲಿಲ್ಲ, ಆದರೆ ಅವುಗಳಲ್ಲಿ ಆ ಮನೆಯೂ ಇರಲಿಲ್ಲ, ಊರೂ ಇರಲಿಲ್ಲ. ಪತ್ರ ಕೊಟ್ಟೆ. ಕೊಡದಿರುವ ಹಕ್ಕು ನನಗಿಲ್ಲ, ಮಗಳ ಹಿತ ಬಯಸಿದ ತಾಯಿಯನ್ನು ದೂರುವುದೂ ಇಲ್ಲ. ಇಂಗ್ಲಿಷ್ ಬೇಕು. ತೆಲುಗೂ ಬೇಕು, 2018ರ ಕಾಯ್ದೆ ಬಂದ ಮೇಲೆ ತೆಲುಗನ್ನು ಕಡ್ಡಾಯವಾಗಿ ಕಲಿಸುತ್ತೇವೆ, ನಾವಿರುವ ರಾಜ್ಯದ ಭಾಷೆಯನ್ನು ಕಲಿಯುವುದು ನ್ಯಾಯವೂ ಹೌದು. ನನ್ನ ವಾದ ಇಷ್ಟೆ: ಮೊದಲು ತನ್ನ ಮನೆಯನ್ನು ಮನೆಯ ಮಾತಿನಲ್ಲಿ ಪೂರ್ಣವಾಗಿ ಹೇಳಬಲ್ಲ ಮಗುವಿಗೆ ಇತರ ಭಾಷೆಗಳಲ್ಲಿ ಹೇಳಲು ಏನಾದರೂ ಇರುತ್ತದೆ.

ಜಯದೇವಿತಾಯಿ ಲಿಗಾಡೆಯವರು ಸೊಲ್ಲಾಪುರದಲ್ಲಿ ಮರಾಠಿ ಶಾಲೆಯಲ್ಲಿ ಕಲಿತವರು. ಕನ್ನಡವನ್ನು ಬಿಡದೆ ಹಿಡಿದು ಸಿದ್ಧರಾಮನ ಚರಿತ್ರೆಯನ್ನು ತ್ರಿಪದಿಯಲ್ಲಿ ಬರೆದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಏರಿದರು. ಆ ಪೀಠವೇರಿದ ಮೊದಲ ಮಹಿಳೆ ಗಡಿಯಾಚೆಯವರು ಎಂಬುದನ್ನು ನಾನು ನಮ್ಮ ಬಾಲಕಿಯರಿಗೆ ಪ್ರತಿ ವರ್ಷ ಹೇಳುತ್ತೇನೆ. ಅವರಿಗೆ ಶಾಲೆಯಲ್ಲಿ ಕನ್ನಡ ಸಿಕ್ಕಿರಲಿಲ್ಲ. ನಮಗೆ ಸಿಕ್ಕಿದೆ.

ಇನ್ನು ಕೆಲಸದ ಮಾತು. ನಾಳೆ ಪ್ರತಿಯೊಂದು ಮಗುವೂ ಒಂದು ಹಾಳೆಯನ್ನು ಮನೆಗೆ ತರುತ್ತದೆ. ಅದರಲ್ಲಿ ಮೂರು ಪ್ರಶ್ನೆಗಳಿವೆ: ನಮ್ಮ ಮನೆ ಎಲ್ಲಿಯದು, ಮನೆಯವರು ಏನು ಬಲ್ಲರು, ನಾನು ಏನು ಬಲ್ಲೆ. ಆ ಹಾಳೆಗಳನ್ನು ಹೊಲಿದು ಗ್ರಂಥಾಲಯದಲ್ಲಿ ಇಡುತ್ತೇವೆ. ಮಕ್ಕಳು ಕೇಳಿದಾಗ "ಅದೆಲ್ಲಾ ಯಾಕ ಬೇಕು" ಎನ್ನದೆ ದಯವಿಟ್ಟು ಹೇಳಿರಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಸಾಕು, ಮಗು ಬರೆದುಕೊಳ್ಳುತ್ತದೆ. ತೆಲುಗಿನಲ್ಲಿಯೋ ದಖನಿಯಲ್ಲಿಯೋ ಹೇಳಿದರೂ ಅಡ್ಡಿಯಿಲ್ಲ. ಹಳೆಯ ವಿದ್ಯಾರ್ಥಿಗಳಿಗೂ ಹಾಳೆಗಳು ಕಚೇರಿಯಲ್ಲಿ ಸಿಗುತ್ತವೆ.

ಸೋಮವಾರದೊಳಗೆ ಅವು ಮರಳಿ ಬರಲಿ. ಜೊತೆಗೆ ಒಂದೊಂದು ಹಿಡಿ ಬೀಜ ಕಳುಹಿಸುವವರಿಗೆ ಒಂದು ವಿನಂತಿ: ಕುಸುಬಿ, ಕಡಲೆ ನನ್ನ ಬಳಿ ಬೇಕಾದಷ್ಟಿವೆ. ಹಾರಕ ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದನ್ನು ಕಳುಹಿಸಿ.