ನೋವು ತಗ್ಗಿಸುವುದು ವಿಶ್ವಾಸಕ್ಕೆ ವಿರುದ್ಧವೇ?



ಶಿಲುಬೆಯ ಬಳಿ ಪ್ರಭು ಯೇಸು ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ನಿರಾಕರಿಸಿದರು. ಆದುದರಿಂದ ನಾವೂ ನೋವಿನ ಔಷಧಿ ಸೇವಿಸಬಾರದೆಂಬ ಭಾವನೆ ನಮ್ಮಲ್ಲಿ ಕೆಲವರಿಗಿದೆ. ಇಟಲಿಯ ಅರಿವಳಿಕೆ ವೈದ್ಯರು ಈ ಸಂಶಯವನ್ನು ಮುಂದಿಟ್ಟಾಗ ಜಗದ್ಗುರು ಹನ್ನೆರಡನೇ ಪಯಸ್‌ರವರು 1957ರ ಫೆಬ್ರವರಿ 24ರಂದು ಉತ್ತರವಿತ್ತರು. ಯಾತನೆಯನ್ನು ಸ್ವಇಚ್ಛೆಯಿಂದ ಪ್ರಭುವಿಗೆ ಒಪ್ಪಿಸುವುದು ಶ್ರೇಷ್ಠ. ಆದರೆ ಅದು ಎಲ್ಲರಿಗೂ ವಿಧಿಸಿದ ಕಟ್ಟಳೆಯಲ್ಲ. ಬೇರೆ ದಾರಿಯಿಲ್ಲದಾಗ, ಆಯುಸ್ಸು ಕುಗ್ಗುವ ಸಂಭವವಿದ್ದರೂ, ನೋವು ತಗ್ಗಿಸುವುದಷ್ಟೇ ಉದ್ದೇಶವಾದರೆ ಔಷಧಿ ಕೊಡಬಹುದು. (ತಕ್ಕ ಪ್ರಮಾಣದ ಮಾರ್ಫಿನ್ ಸಾಮಾನ್ಯವಾಗಿ ಆಯುಸ್ಸನ್ನು ಕುಗ್ಗಿಸದೆಂದು ಇಂದಿನ ವೈದ್ಯರು ಬಲ್ಲರು.)

ಅದೇ ವರ್ಷ ನವೆಂಬರ್ 24ರಂದು ಉಸಿರಾಟದ ಯಂತ್ರದ ಪ್ರಶ್ನೆ ಬಂದಿತು. ಸಾಮಾನ್ಯ ಚಿಕಿತ್ಸೆ ಕರ್ತವ್ಯ. ಹೊರಲಾಗದ ಭಾರವಾಗುವ ಅಸಾಧಾರಣ ಉಪಾಯ ಕಡ್ಡಾಯವಲ್ಲ ಎಂದರು. ಆಸೆಯಿಲ್ಲದ ಸ್ಥಿತಿಯಲ್ಲಿ ಯಂತ್ರ ನಿಲ್ಲಿಸಲು ಒಪ್ಪಿದ ಮಕ್ಕಳನ್ನು ‘ತಂದೆಯನ್ನು ಕೊಂದರು’ ಎಂದು ನಮ್ಮವರೇ ಚುಚ್ಚುವುದು ಘೋರ ಅನ್ಯಾಯ.

ವೃದ್ಧರನ್ನೋ ಹೃದ್ರೋಗಿಗಳನ್ನೋ ದೊಡ್ಡ ಶಸ್ತ್ರಚಿಕಿತ್ಸೆಗೆ ಒಯ್ಯುವ ಮುನ್ನ, ಪ್ರಜ್ಞೆಯಿರುವಾಗಲೇ ಗುರುಗಳನ್ನು ಕರೆಸೋಣ. ಪಾಪನಿವೇದನೆ, ಅಭ್ಯಂಗ, ಮನೆಯವರೊಡನೆ ನಾಲ್ಕು ಮಾತು ಆಗಲೇ ಆಗಬೇಕು. ಗಂಟಲಿಗೆ ಕೊಳವೆ ಇಳಿಸಿದ ಮೇಲೆ ರೋಗಿ ಮಾತನಾಡಲಾರ.